ಲೆನ್ಸ್ ಹಾಕಿಸಿಕೊಂಡ ಮೇಲಿನ ಮಾತು

ಪೊರೆ ಆಪರೇಷನ್ ಅಂದರೆ ಈಗ ಯಾರೂ ಅಷ್ಟಾಗಿ ಹೆದರುವುದಿಲ್ಲ. ಹೆದರಬೇಕಾಗಿಯೂ ಇಲ್ಲ. ಬೆಳಿಗ್ಗೆ ಹೋದರೆ ಸಂಜೆಯೊಳಗೆ ಮನೆ. ಮಬ್ಬಾದ ಮಸೂರವನ್ನು ಪುಡಿ ಮಾಡಿ ಹೀರಿ ತೆಗೆಯುತ್ತಾರೆ, ಅದರ ಜಾಗದಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಲೆನ್ಸ್ ಕೂರಿಸುತ್ತಾರೆ. ನನಗೂ ಹಾಗೇ ಆಯಿತು. ಇಷ್ಟು ವರ್ಷ ಕೆನೆ ಬಣ್ಣ ಅಂದುಕೊಂಡಿದ್ದ ಗೋಡೆ ನಿಜಕ್ಕೂ ಬಿಳಿ ಅಂತ ಗೊತ್ತಾಗಿದ್ದು ಪಟ್ಟಿ ಬಿಚ್ಚಿದ ಮೇಲೆಯೇ.

ಅದರ ಜೊತೆಗೆ ಇನ್ನೊಂದೂ ಕಂಡಿತು. ಬಲಗಣ್ಣಿನ ಹೊರ ಅಂಚಿನಲ್ಲಿ, ಕಿವಿಯ ಕಡೆಗೆ, ಬಿಲ್ಲಿನ ಆಕಾರದ ಒಂದು ಕಪ್ಪು ನೆರಳು. ನೇರವಾಗಿ ನೋಡುವಾಗ ಏನೂ ಅಡ್ಡಿಯಿಲ್ಲ. ಆದರೆ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಅನ್ನಿಸಿ ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಬಿಸಿಲಿನಲ್ಲಿ ಜಾಸ್ತಿ, ಮಂದ ಬೆಳಕಿನಲ್ಲಿ ಕಡಿಮೆ. ವಿಚಿತ್ರ ಅಂದರೆ, ಅಂಗೈಯನ್ನು ಕಣ್ಣಿನ ಪಕ್ಕ, ಕಪಾಳದ ಹತ್ತಿರ ಅಡ್ಡ ಹಿಡಿದರೆ ನೆರಳು ಮಾಯ! ಬೆಳಕು ತಡೆದರೆ ನೆರಳು ಹೆಚ್ಚಾಗಬೇಕು ಅಲ್ವಾ? ಇಲ್ಲಿ ಉಲ್ಟಾ.

ಚೆಕಪ್‌ನಲ್ಲಿ ಹೇಳಿದೆ. ಅಕ್ಷರದ ಬೋರ್ಡ್ ಓದಿಸಿದರು, ಕೊನೆಯ ಸಾಲಿನವರೆಗೂ ಓದಿದೆ. ಕಣ್ಣಿನ ಪ್ರೆಷರ್ ನೋಡಿದರು, ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ನೋಡಿದರು. ‘ಎಲ್ಲ ನಾರ್ಮಲ್ ಇದೆ, ಸುಮ್ನೆ ಅದರ ಕಡೆ ಗಮನ ಕೊಡಬೇಡಿ’ ಅಂದರು. ಆ ಮಾತು ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ. ನನಗೆ ಬೇಕಾಗಿದ್ದದ್ದು ಇದು ಯಾಕೆ ಆಗುತ್ತದೆ ಅನ್ನುವ ವಿವರಣೆ.

ಆ ವಿವರಣೆ ಇಷ್ಟೇ. ಹುಟ್ಟಿನಿಂದ ಬಂದ ಮಸೂರ ಅಗಲದಲ್ಲಿ 9–10 ಮಿಲಿಮೀಟರ್ ಇರುತ್ತದೆ, ದಪ್ಪವಾಗಿಯೂ ಇರುತ್ತದೆ. ಕೃತಕ ಲೆನ್ಸಿನ ನಡುಭಾಗ ಸಾಮಾನ್ಯವಾಗಿ 6 ಮಿಲಿಮೀಟರ್, ದಪ್ಪ ತೀರಾ ಕಡಿಮೆ. ಹಾಗಾಗಿ ಅದರ ಮತ್ತು ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ನ ನಡುವೆ ಒಂದು ಸಂದಿ ಉಳಿಯುತ್ತದೆ. ಪಕ್ಕದಿಂದ ತೀರಾ ಓರೆಯಾಗಿ ಬರುವ ಬೆಳಕಿನಲ್ಲಿ ಒಂದಿಷ್ಟು ಲೆನ್ಸಿನ ಮೂಲಕ ಬಾಗಿ ಒಳಗೆ ಹೋಗುತ್ತದೆ. ಇನ್ನೊಂದಿಷ್ಟು ಲೆನ್ಸಿನ ಅಂಚನ್ನು ತಪ್ಪಿಸಿ, ಆ ಸಂದಿಯಲ್ಲಿ ನುಸುಳಿ ನೇರ ಹೋಗುತ್ತದೆ. ಎರಡರ ನಡುವೆ ರೆಟಿನಾದ ಒಂದು ಪಟ್ಟಿಗೆ ಬೆಳಕೇ ಸಿಗುವುದಿಲ್ಲ. ಆ ಪಟ್ಟಿಯೇ ನೆರಳು. ಕೈ ಅಡ್ಡ ಹಿಡಿದಾಗ ಓರೆ ಬೆಳಕೇ ನಿಂತುಹೋಗುತ್ತದೆ, ಹೋಲಿಸಿ ನೋಡಲು ಆಚೆಗೆ ಬೆಳಕಿರುವುದಿಲ್ಲ, ಆದ್ದರಿಂದ ನೆರಳೂ ಕಾಣುವುದಿಲ್ಲ. ವೈದ್ಯರು ಇದನ್ನು ನೆಗೆಟಿವ್ ಡಿಸ್‌ಫೋಟಾಪ್ಸಿಯಾ ಅನ್ನುತ್ತಾರೆ. ಮೊದಲ ವಾರಗಳಲ್ಲಿ ಎಷ್ಟೋ ಜನರಿಗೆ ಇರುತ್ತದೆ. ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ, ಅಥವಾ ಮೆದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ದಪ್ಪ ಫ್ರೇಮಿನ ಕನ್ನಡಕ ಕೆಲವರಿಗೆ ಸಹಾಯ ಮಾಡುತ್ತದೆ. ತಿಂಗಳುಗಟ್ಟಲೆ ಕಾಡಿದರೆ ಲೆನ್ಸನ್ನು ಅದು ಕೂತಿರುವ ತೆಳು ಚೀಲದ ಬಾಯಿಯಿಂದ ಸ್ವಲ್ಪ ಮುಂದಕ್ಕೆ ತಂದು ಕೂರಿಸುವುದು, ಅದರ ಮುಂದೆ ಇನ್ನೊಂದು ಲೆನ್ಸ್ ಹಾಕುವುದು, ಇಲ್ಲವೇ ಲೆನ್ಸನ್ನೇ ಬದಲಿಸುವುದು, ಹೀಗೆ ದಾರಿಗಳಿವೆ.

ನನ್ನ ನೆರಳು ತಾನಾಗಿ ತೆಳುವಾಯಿತು. ಆದರೆ ಓದುತ್ತಾ ಹೋದಂತೆ ಒಂದು ವಿಷಯ ಹಿಡಿದು ನಿಲ್ಲಿಸಿತು. ಈ ತೊಂದರೆಗೆ ಒಂದು ಕಾರಣ ಲೆನ್ಸಿನ ಚೂಪಾದ, ಚೌಕ ಅಂಚು. ಆ ಅಂಚನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ, ಇನ್ನೊಂದು ತೊಂದರೆಯನ್ನು ತಡೆಯಲು. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ಕಣ್ಣೊಳಗಿನ ಲೆನ್ಸಿನ ಪೂರ್ತಿ ಇತಿಹಾಸ ಹೀಗೆಯೇ ನಡೆದಿದೆ.

ಮೊದಲ ಲೆನ್ಸಿನ ಕತೆ ಎಷ್ಟೋ ಜನರಿಗೆ ಗೊತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಮೇಲ್ಛಾವಣಿ ಒಡೆದು, ಅದರ ಚೂರುಗಳು ಬ್ರಿಟಿಷ್ ಪೈಲಟ್‌ಗಳ ಕಣ್ಣೊಳಗೆ ಹೊಕ್ಕಿದ್ದವು. ಅದು ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಲೋಹದ ಚೂರು ಹೊಕ್ಕರೆ ಕಣ್ಣು ಕೆರಳಿ ಹಾಳಾಗುತ್ತಿತ್ತು, ಈ ಚೂರುಗಳನ್ನು ಮಾತ್ರ ಕಣ್ಣು ವರ್ಷಗಟ್ಟಲೆ ತೆಪ್ಪಗೆ ಇಟ್ಟುಕೊಂಡಿತ್ತು. ಇದನ್ನು ಗಮನಿಸಿದ ಲಂಡನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಲೆನ್ಸನ್ನು ಒಬ್ಬ ಮಹಿಳೆಯ ಕಣ್ಣಿಗೆ ಹಾಕಿದರು.

ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ರಿಡ್ಲಿ ಮನುಷ್ಯರ ಮಸೂರದ ಆಕಾರವನ್ನೇ ನಕಲು ಮಾಡಿದ್ದರು. ಆದರೆ ಪ್ಲಾಸ್ಟಿಕ್ ಬೆಳಕನ್ನು ಅದಕ್ಕಿಂತ ಜಾಸ್ತಿ ಬಾಗಿಸುತ್ತದೆ. ಹಾಗಾಗಿ ಆ ಮೊದಲ ರೋಗಿಗೆ ಸುಮಾರು ಮೈನಸ್ 18 ಡಯಾಪ್ಟರ್ ಪವರ್ ಬಂತು. ಅಂದರೆ ಲೆನ್ಸ್ ಒಳಗೆ ಕೂತಿತು, ಕಣ್ಣು ಅದನ್ನು ಒಪ್ಪಿಕೊಂಡಿತು, ಆದರೆ ದಪ್ಪ ಕನ್ನಡಕವಿಲ್ಲದೆ ಮುಂದಿನದೇನೂ ಸ್ಪಷ್ಟವಾಗಿ ಕಾಣದು. ಲೆನ್ಸ್ ಹಾಕಿದ ದಿನದಿಂದಲೇ ಅದರ ತೊಡಕುಗಳೂ ಶುರುವಾದವು ಅನ್ನಿ. ಜೊತೆಗೆ ಆ ಲೆನ್ಸಿನ ತೂಕ 100 ಮಿಲಿಗ್ರಾಂಗಿಂತ ಜಾಸ್ತಿ ಇತ್ತು. ಈಗಿನವಕ್ಕೆ ಹೋಲಿಸಿದರೆ ಹಲವು ಪಟ್ಟು ಭಾರ. ಕೆಲವು ಜಾರಿ ಕಣ್ಣಿನ ಹಿಂಭಾಗಕ್ಕೆ ಬಿದ್ದವು. ಕಣ್ಣಿನಿಂದ ಹೊರಗಿನ ವಸ್ತು ತೆಗೆಯುವುದು ವೈದ್ಯರ ಕೆಲಸ, ಒಳಗೆ ಹಾಕುವುದಲ್ಲ ಅಂತ ದೊಡ್ಡ ದೊಡ್ಡ ತಜ್ಞರೇ ವರ್ಷಗಟ್ಟಲೆ ವಿರೋಧಿಸಿದರು.

ಜಾರುತ್ತದಲ್ಲ, ಅದಕ್ಕೆ ಬೇರೆಯವರು ಏನು ಮಾಡಿದರು? ಲೆನ್ಸನ್ನು ಐರಿಸ್‌ನ ಮುಂದೆ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಹತ್ತಿರ ಕೂರಿಸಿದರು. ಜಾರುವುದು ತಪ್ಪಿತು. ಆದರೆ ಕಾರ್ನಿಯಾದ ಒಳಮೈಯಲ್ಲಿ ಒಂದು ಪದರ ಜೀವಕೋಶಗಳಿವೆ, ಕಾರ್ನಿಯಾದೊಳಗಿನ ನೀರನ್ನು ಹೊರಗೆ ಹಾಕುತ್ತಾ ಅದನ್ನು ತಿಳಿಯಾಗಿ ಇಡುವುದು ಅವುಗಳ ಕೆಲಸ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹತ್ತಿರ ಕೂತ ಲೆನ್ಸು ಅವನ್ನು ನಿಧಾನವಾಗಿ ಸವೆಸಿತು. ಎಷ್ಟೋ ಕಣ್ಣುಗಳಲ್ಲಿ ಕಾರ್ನಿಯಾ ಊದಿಕೊಂಡು ಮೇಲೆ ನೀರ್ಗುಳ್ಳೆಗಳೆದ್ದವು. ಇನ್ನು ಕೆಲವು ಲೆನ್ಸುಗಳು ಐರಿಸ್‌ಗೆ ಉಜ್ಜಿ ಉಜ್ಜಿ ಉರಿಯೂತ, ಪ್ರೆಷರ್ ಏರಿಕೆ, ರಕ್ತಸ್ರಾವ, ಮೂರನ್ನೂ ಒಟ್ಟಿಗೆ ತಂದವು. ಇದು ಹಳೆಯ ಕಾಲದ ಮಾತು ಅಂದುಕೊಳ್ಳಬೇಡಿ. ಲೆನ್ಸನ್ನು ಹಿಡಿದು ನಿಲ್ಲಿಸುವ ಪುಟ್ಟ ಕಾಲುಗಳಲ್ಲಿ ಒಂದು ಚೀಲದೊಳಗೆ ಇರದೆ ಹೊರಗೆ ಉಳಿದು ಐರಿಸ್‌ನ ಹಿಂಬದಿಯನ್ನು ಕೆರೆಯುತ್ತಿದ್ದರೆ ಇವತ್ತೂ ಹಾಗೆ ಆಗುತ್ತದೆ. ಆಗಾಗ ಕೆಲವು ಗಂಟೆ ಕಣ್ಣು ಮಬ್ಬಾಗಿ, ಮತ್ತೆ ಸರಿಹೋಗುವುದು ಅದರ ಒಂದು ಸುಳಿವು.

ಕೊನೆಗೆ ಎಲ್ಲರೂ ರಿಡ್ಲಿ ತೋರಿಸಿದ ಜಾಗಕ್ಕೇ, ಐರಿಸ್‌ನ ಹಿಂದಕ್ಕೇ ವಾಪಸ್ ಬಂದರು. ಅಷ್ಟರಲ್ಲಿ ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಅಲ್ಟ್ರಾಸೌಂಡ್‌ನಿಂದ ಪೊರೆಯನ್ನು ಪುಡಿ ಮಾಡುವ ವಿಧಾನ ತಂದಿದ್ದರು. 1980ರ ದಶಕದಲ್ಲಿ ಮಡಚುವ ಲೆನ್ಸುಗಳು ಬಂದವು. ಗಾಯ ಚಿಕ್ಕದಾಯಿತು, ಹೊಲಿಗೆ ಬೇಡವಾಯಿತು. ರಿಡ್ಲಿ ಅವರು 1990ರಲ್ಲಿ ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತಮ್ಮ ಎರಡೂ ಕಣ್ಣಿಗೆ ಲೆನ್ಸ್ ಹಾಕಿಸಿಕೊಂಡರು. 2000ದಲ್ಲಿ ಸರ್ ಪದವಿ ಸಿಕ್ಕಿತು, 2001ರಲ್ಲಿ ತೀರಿಕೊಂಡರು. ತಾನು ಕಂಡುಹಿಡಿದದ್ದರ ಮೂಲಕವೇ ಲೋಕ ನೋಡುವ ಯೋಗ ಎಷ್ಟು ಜನರಿಗೆ ಸಿಗುತ್ತದೆ ಹೇಳಿ!

ಈಗ ಆ ಚೀಲದ ವಿಷಯ. ಮಸೂರ ಒಂದು ತೆಳ್ಳನೆಯ, ಪಾರದರ್ಶಕ ಚೀಲದೊಳಗೆ ಇರುತ್ತದೆ. ಆಪರೇಷನ್ನಿನಲ್ಲಿ ಚೀಲದ ಮುಂಭಾಗದಲ್ಲಿ ಗುಂಡಗೆ ಹರಿದು, ಒಳಗಿನ ಪೊರೆಯನ್ನು ತೆಗೆದು, ಖಾಲಿ ಚೀಲದಲ್ಲಿ ಹೊಸ ಲೆನ್ಸ್ ಇಡುತ್ತಾರೆ. ಎಷ್ಟೇ ಚೊಕ್ಕವಾಗಿ ತೆಗೆದರೂ ಚೀಲದ ಅಂಚಿನಲ್ಲಿ ಒಂದಿಷ್ಟು ಜೀವಕೋಶಗಳು ಉಳಿಯುತ್ತವೆ. ಅವು ಬೆಳೆದು, ತೆವಳಿ, ಲೆನ್ಸಿನ ಹಿಂದಿನ ಪದರದ ಮೇಲೆ ಹರಡುತ್ತವೆ. ತಿಂಗಳುಗಳು ಅಥವಾ ವರ್ಷಗಳು ಕಳೆದ ಮೇಲೆ ಮತ್ತೆ ಮಂಜು. ‘ಪೊರೆ ವಾಪಸ್ ಬಂತು’ ಅಂತ ಜನ ಹೇಳುವುದು ಇದನ್ನೇ. ನಿಜವಾಗಿ ಬಂದಿರುವುದು ಪೊರೆಯಲ್ಲ, ಲೆನ್ಸೂ ಕೆಟ್ಟಿಲ್ಲ, ಮಬ್ಬಾಗಿರುವುದು ಅದರ ಹಿಂದಿನ ಚೀಲ. ಲೆನ್ಸ್ ಹಾಕಿಸಿಕೊಂಡವರಲ್ಲಿ ಕಾಣುವ ಅತಿ ಸಾಮಾನ್ಯ ತೊಡಕು ಇದು. ಚೌಕ ಅಂಚಿನ ಲೆನ್ಸ್ ಬಂದಿದ್ದೇ ಇದಕ್ಕಾಗಿ. ಅಂಚು ಚೂಪಾಗಿದ್ದು ಚೀಲಕ್ಕೆ ಒತ್ತಿಕೊಂಡಿದ್ದರೆ ಜೀವಕೋಶಗಳು ಅದನ್ನು ದಾಟಿ ಬರುವುದು ಕಷ್ಟ. ಮಂಜು ಕಡಿಮೆಯಾಯಿತು, ನನ್ನಂಥವರಿಗೆ ನೆರಳು ಬಂತು.

ಲೆನ್ಸ್ ಹಾಕಿಸಿಕೊಂಡಿದ್ದ ನನ್ನ ಎಡಗಣ್ಣಿಗೆ ಆ ಮಂಜೂ ಬಂತು. ಅದನ್ನು ತೆಗೆಯುವುದು ಯಾಗ್ ಲೇಸರ್. ಪಾಪೆ ಅಗಲವಾಗಲು ಡ್ರಾಪ್ಸ್ ಹಾಕಿ ಕಾಯಿಸಿದರು. ಆಮೇಲೆ ಗದ್ದವನ್ನು ಮೆಷಿನ್ನಿನ ಬಟ್ಟಲಲ್ಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ ಕೂತೆ. ಕಣ್ಣಿಗೆ ತಣ್ಣನೆಯ ಜೆಲ್ ಹಚ್ಚಿದ ಒಂದು ಗಾಜನ್ನು ತಂದು ಹಿಡಿದರು. ರೆಪ್ಪೆ ಮುಚ್ಚಲು ಆಗುವುದಿಲ್ಲ, ಮುಚ್ಚಬೇಕು ಅಂತ ಅನ್ನಿಸುತ್ತಲೇ ಇರುತ್ತದೆ. ಎದುರಿಗೆ ಕೆಂಪು ಚುಕ್ಕೆಗಳು. ಟಿಕ್, ಟಿಕ್ ಅನ್ನುವ ಸದ್ದು. ನೋವಿಲ್ಲ. ಒಂದೊಂದು ಏಟೂ ಕೆಲವೇ ನ್ಯಾನೊಸೆಕೆಂಡ್, ಅಷ್ಟರಲ್ಲೇ ಚೀಲದ ಹಿಂಬದಿಯಲ್ಲಿ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಎದ್ದಾಗ ಕಣ್ಣ ಮುಂದೆ ಬೂದು ಚೂರುಗಳು ತೇಲುತ್ತಿದ್ದವು, ಹರಿದ ಚೀಲದ ತುಣುಕುಗಳು ಅವು. ಕೆಲವು ದಿನ ತೇಲಿ ಕೆಳಗಿಳಿದವು. ಮರುದಿನ ಓದಲು ಕೂತಾಗ ಅಕ್ಷರದ ಅಂಚು ಮತ್ತೆ ಚೂಪಾಗಿತ್ತು.

ಇಷ್ಟು ಸಲೀಸು ಅನ್ನುವ ಕಾರಣಕ್ಕೇ ಯಾಗ್ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಲೇಸರ್ ಆದ ಮೇಲೆ ಕೆಲವರಿಗೆ ಪ್ರೆಷರ್ ಏರುತ್ತದೆ, ಅಪರೂಪಕ್ಕೆ ರೆಟಿನಾ ಬಿಟ್ಟುಕೊಳ್ಳಬಹುದು, ರೆಟಿನಾದ ನಡುಭಾಗ ಊದಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಚೀಲದ ಹಿಂಬದಿ ಒಮ್ಮೆ ತೆರೆದರೆ, ಮುಂದೆ ಲೆನ್ಸ್ ಬದಲಿಸಬೇಕಾದಾಗ ಕೆಲಸ ಬಹಳ ಕಷ್ಟವಾಗುತ್ತದೆ. ಲೆನ್ಸಿನ ಬಗ್ಗೆಯೇ ತಕರಾರು ಇರುವವರಿಗೆ ‘ಮೊದಲು ಒಂದು ಲೇಸರ್ ಮಾಡಿ ನೋಡೋಣ’ ಅನ್ನುವುದು ಆ ಬಾಗಿಲನ್ನು ಅರ್ಧ ಮುಚ್ಚಿದ ಹಾಗೆಯೇ. ಇನ್ನೂ ಬೇಸರದ ಸಂಗತಿ ಅಂದರೆ, ಕೆಲವೊಮ್ಮೆ ಮಬ್ಬಾಗಿರುವುದು ಚೀಲವಲ್ಲ, ಲೆನ್ಸೇ. ನೀರು ಹೀರುವ ಬಗೆಯ ಅಕ್ರಿಲಿಕ್ ಲೆನ್ಸುಗಳಲ್ಲಿ ಕೆಲವಕ್ಕೆ ವರ್ಷಗಳ ನಂತರ ಸುಣ್ಣದಂಶ ಕೂರುತ್ತದೆ. ಬೇರೆ ಯಾವುದೋ ಆಪರೇಷನ್ನಿನಲ್ಲಿ ಕಣ್ಣೊಳಗೆ ಗಾಳಿ ಅಥವಾ ಗ್ಯಾಸ್ ಬಿಟ್ಟಿದ್ದರೆ ಈ ಸಾಧ್ಯತೆ ಜಾಸ್ತಿ. ಅದಕ್ಕೆ ಲೇಸರ್ ಹೊಡೆದು ಪ್ರಯೋಜನವಿಲ್ಲ, ಲೆನ್ಸ್ ಬದಲಿಸಲೇಬೇಕು. ಅದನ್ನು ಚೀಲದ ಮಂಜು ಅಂತ ತಿಳಿದು ಲೇಸರ್ ಮಾಡಿದ್ದರೆ? ಆಗ ಕಷ್ಟ ಎರಡು ಪಟ್ಟು.

ಪವರ್ ತಪ್ಪುವುದು ಇನ್ನೊಂದು. ರಿಡ್ಲಿ ಕಾಲದ ಮೈನಸ್ 18 ಈಗ ಬರುವುದಿಲ್ಲ, ಆದರೆ ಲೆಕ್ಕ ಪೂರ್ತಿ ಪಕ್ಕಾ ಆಗಿಯೂ ಇಲ್ಲ. ಕಣ್ಣಿನ ಉದ್ದ ಅಳೆಯುವಾಗ ಒಂದು ಮಿಲಿಮೀಟರ್ ತಪ್ಪಿದರೆ ಪವರ್‌ನಲ್ಲಿ ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರ್ ವ್ಯತ್ಯಾಸ ಬರುತ್ತದೆ. ಬೆಳಕಿನಿಂದ ಅಳೆಯುವ ಯಂತ್ರಗಳು ಬಂದ ಮೇಲೆ ತಪ್ಪು ಬಹಳ ಕಡಿಮೆಯಾಗಿದೆ. ಆದರೂ ವಯಸ್ಸಿನಲ್ಲಿದ್ದಾಗ ಕನ್ನಡಕ ಬಿಡಲು ಕಾರ್ನಿಯಾಕ್ಕೆ ಲೇಸರ್ ಮಾಡುವ ಲೇಸಿಕ್ ಮಾಡಿಸಿಕೊಂಡವರ ಲೆಕ್ಕ ಈಗಲೂ ತಲೆನೋವಿನದ್ದು. ಕಾರ್ನಿಯಾದ ಮೇಲ್ಮೈ ಬದಲಾಗಿರುವುದರಿಂದ ಮಾಮೂಲಿ ಸೂತ್ರಗಳು ದಾರಿ ತಪ್ಪುತ್ತವೆ. ಲೇಸಿಕ್‌ಗೆ ಮುಂಚಿನ ಅಳತೆಯ ಕಾಗದಗಳು ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ತೆಗೆದಿಡಿ. ಇನ್ನು ಸಿಲಿಂಡರ್ ಪವರ್ ಸರಿಮಾಡುವ ಟೋರಿಕ್ ಲೆನ್ಸ್ ಇದೆಯಲ್ಲ, ಅದು ಒಂದು ಡಿಗ್ರಿ ತಿರುಗಿದರೆ ಸುಮಾರು 3 ಶೇಕಡಾ ಪ್ರಯೋಜನ ಹೋಗುತ್ತದೆ. 30 ಡಿಗ್ರಿ ತಿರುಗಿದರೆ ಹಾಕಿಯೂ ಹಾಕದ ಲೆಕ್ಕ.

ನನ್ನ ಮಟ್ಟಿಗೆ ಅತಿ ಆಶ್ಚರ್ಯದ ತೊಡಕು ಅಂದರೆ ಲೆನ್ಸ್ ಜಾರುವುದು. ಅದೂ ಎಂಟು ಹತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ ಮೇಲೆ. ಆ ಚೀಲ ಕಣ್ಣೊಳಗೆ ಸುತ್ತಲೂ ನೂಲಿಗಿಂತ ಸಣ್ಣ ಎಳೆಗಳಿಂದ, ತೊಟ್ಟಿಲನ್ನು ಹಗ್ಗದಲ್ಲಿ ತೂಗುಹಾಕಿದಂತೆ ಇರುತ್ತದೆ. ಮಗುವನ್ನು ಎಷ್ಟೇ ಸರಿಯಾಗಿ ಮಲಗಿಸಿದ್ದರೂ ಹಗ್ಗ ಸವೆದರೆ ಏನು ಮಾಡುವುದು? ಲೆನ್ಸಿಗೆ ವಯಸ್ಸಾಗುವುದಿಲ್ಲ, ಎಳೆಗಳಿಗೆ ಆಗುತ್ತದೆ. ಕಣ್ಣೊಳಗೆ ಬೂದಿ ಬಣ್ಣದ ಹೊಟ್ಟಿನಂಥದ್ದು ಕೂರುವ ಸ್ಯೂಡೋಎಕ್ಸ್‌ಫೋಲಿಯೇಷನ್ ಅನ್ನುವ ಸ್ಥಿತಿ ಇರುವವರಲ್ಲಿ, ತುಂಬಾ ಮೈನಸ್ ಪವರ್ ಇದ್ದವರಲ್ಲಿ, ಕಣ್ಣಿಗೆ ಪೆಟ್ಟಾದವರಲ್ಲಿ, ರೆಟಿನಾ ಆಪರೇಷನ್ ಆದವರಲ್ಲಿ ಇದು ಹೆಚ್ಚು. ಮೊದಲು ಲೆನ್ಸ್ ಸಣ್ಣಗೆ ಅದುರುತ್ತದೆ. ಆಮೇಲೆ ಚೀಲದ ಸಮೇತ ಕೆಳಗಿಳಿಯುತ್ತದೆ. ಒಂದೇ ಕಣ್ಣಿನಲ್ಲಿ ಎರಡೆರಡು ಕಾಣುವುದು, ಲೆನ್ಸಿನ ಅಂಚೇ ಗೆರೆಯಾಗಿ ಕಾಣುವುದು ಇದರ ಲಕ್ಷಣ. ಪೂರ್ತಿ ಬಿದ್ದರೆ ಇದ್ದಕ್ಕಿದ್ದಂತೆ ಎಲ್ಲ ಮಸುಕು.

ಹೀಗಾದರೆ ಕತೆ ಮುಗಿಯಿತು ಅಂತಲ್ಲ. ಲೆನ್ಸನ್ನು ಕಣ್ಣಿನ ಬಿಳಿ ಗೋಡೆಗೆ ಹೊಲಿಯಬಹುದು. ಚೆನ್ನೈನ ಕಣ್ಣಿನ ವೈದ್ಯ ಅಮರ್ ಅಗರ್‌ವಾಲ್ ಅವರು 2007ರಲ್ಲಿ ಹೊಲಿಗೆಯ ಬದಲು ಅಂಟು ಬಳಸಿ ಲೆನ್ಸಿನ ಕಾಲುಗಳನ್ನು ಆ ಗೋಡೆಯೊಳಗೇ ಸಿಕ್ಕಿಸುವ ವಿಧಾನ ತಂದರು. ಜಪಾನಿನ ಯಮಾನೆ ಅವರು 2017ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಂಟೂ ಬೇಡ. ಲೆನ್ಸಿನ ಕಾಲಿನ ತುದಿಯನ್ನು ಬಿಸಿಯಿಂದ ಕರಗಿಸಿ ಗುಂಡು ಮಾಡುತ್ತಾರೆ, ಆ ಗುಂಡು ತೂತಿನಿಂದ ಜಾರಿ ಒಳಗೆ ಹೋಗುವುದಿಲ್ಲ. ಇದನ್ನು ಓದಿದಾಗ ನನಗೆ ಖುಷಿಯಾಯಿತು. ಎಷ್ಟು ಸರಳ ಉಪಾಯ!

ಇಲ್ಲಿವರೆಗೆ ಹೇಳಿದ್ದೆಲ್ಲ ಕಾಯಬಹುದಾದ, ಯೋಚಿಸಿ ತೀರ್ಮಾನಿಸಬಹುದಾದ ತೊಂದರೆಗಳು. ಕಾಯಬಾರದ್ದೂ ಇವೆ. ಆಪರೇಷನ್ ಆದ ಮೊದಲ ಒಂದೆರಡು ವಾರದಲ್ಲಿ ಕಣ್ಣು ನೋಯುತ್ತಾ, ಕೆಂಪಾಗುತ್ತಾ, ದೃಷ್ಟಿ ಇಳಿಯುತ್ತಾ ಹೋದರೆ ಅದು ಕಣ್ಣೊಳಗಿನ ಸೋಂಕು ಇರಬಹುದು. ತೀರಾ ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ನಾಳೆ ಬೆಳಿಗ್ಗೆ ನೋಡೋಣ ಅನ್ನುವಂಥದ್ದಲ್ಲ. ಮಿಂಚು ಹೊಡೆದಂತೆ ಬೆಳಕು, ಒಮ್ಮೆಲೇ ಕಪ್ಪು ಚುಕ್ಕೆಗಳ ಸುರಿಮಳೆ, ಒಂದು ಬದಿಯಿಂದ ಪರದೆ ಎಳೆದಂತಾಗುವುದು, ಇವು ರೆಟಿನಾ ಬಿಟ್ಟುಕೊಳ್ಳುತ್ತಿರುವ ಸೂಚನೆ. ಇದು ವರ್ಷಗಳ ನಂತರವೂ ಆಗಬಹುದು. ಮೈನಸ್ ಪವರ್ ಜಾಸ್ತಿ ಇದ್ದವರು, ಚಿಕ್ಕ ವಯಸ್ಸಿನಲ್ಲೇ ಆಪರೇಷನ್ ಆದವರು ನೆನಪಿಟ್ಟುಕೊಳ್ಳಬೇಕು.

ಎರಡರ ನಡುವಿನದ್ದೂ ಇವೆ. ಚೆನ್ನಾಗಿದ್ದ ಕಣ್ಣು ತಿಂಗಳು, ಒಂದೂವರೆ ತಿಂಗಳಿಗೆ ಮತ್ತೆ ಮಂದವಾದರೆ, ಅಕ್ಷರಗಳು ವಕ್ರವಾಗಿ ಕಂಡರೆ, ರೆಟಿನಾದ ನಡುಭಾಗ ಊದಿರಬಹುದು. ಹೆಚ್ಚಾಗಿ ಡ್ರಾಪ್ಸ್‌ಗೆ ಇಳಿಯುತ್ತದೆ. ಇನ್ನೊಂದು ಬಗೆಯ ಸೋಂಕು ತಿಂಗಳುಗಟ್ಟಲೆ ಚೀಲದೊಳಗೆ ಅಡಗಿ ಕೂರುತ್ತದೆ. ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದಾಗ ಉರಿ ಇಳಿಯುತ್ತದೆ, ನಿಲ್ಲಿಸಿದಾಗ ಮತ್ತೆ ಬರುತ್ತದೆ. ಇದೇ ಆಟ ನಡೆಯುತ್ತಿದ್ದರೆ ಡ್ರಾಪ್ಸ್ ಬಾಟಲಿ ಬದಲಿಸುತ್ತಾ ಕೂರುವ ಬದಲು ಕಾರಣ ಹುಡುಕಿ ಅಂತ ಕೇಳಬೇಕು.

ಈ ಬರಹ ಅರ್ಧ ಆಗಿದ್ದಾಗ ಅಕ್ಕನ ಫೋನ್ ಬಂತು. ಅವಳಿಗೂ ಪೊರೆ ಬಂದಿದೆ. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಳ್ಳಲು ಹೇಳಿದ್ದಾರಂತೆ. ‘ಕನ್ನಡಕವೇ ಬೇಡವಂತೆ ಕಣೋ, ಹಾಕಿಸ್ಕೊಳ್ಳಲಾ?’ ಅಂದಳು. ಕನ್ನಡಕ ಬೇಡ ಅನ್ನುವುದು ಬಹಳ ಜನರ ವಿಷಯದಲ್ಲಿ ನಿಜ. ಆದರೆ ಆ ಲೆನ್ಸ್ ಎಲ್ಲಿಂದಲೋ ಹೊಸ ಬೆಳಕು ತರುವುದಿಲ್ಲ, ಇರುವ ಬೆಳಕನ್ನೇ ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಅಂತ ಹಂಚುತ್ತದೆ. ಹಂಚಿದ ಮೇಲೆ ಮಂದ ಬೆಳಕಿನಲ್ಲಿ ವಸ್ತುಗಳ ಅಂಚು ಸ್ವಲ್ಪ ಸಪ್ಪೆಯಾಗುತ್ತದೆ. ರಾತ್ರಿ ದೀಪಗಳ ಸುತ್ತ ಉಂಗುರಗಳು ಕಾಣಬಹುದು. ಎಷ್ಟೋ ಜನ ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ, ಕೆಲವರು ಹೊಂದಿಕೊಳ್ಳುವುದೇ ಇಲ್ಲ, ಲೆನ್ಸ್ ತೆಗೆಸುತ್ತಾರೆ. ರೆಟಿನಾದಲ್ಲಿ ಅಥವಾ ಕಣ್ಣಿನ ನರದಲ್ಲಿ ಮೊದಲೇ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಮಾರುವಾಗ ಮೊದಲ ಅರ್ಧ ಮಾತ್ರ ಜೋರಾಗಿ ಕೇಳಿಸುತ್ತದೆ, ನನ್ನ ಸಿಟ್ಟು ಅಷ್ಟೇ.

‘ಅಕ್ಕ, ನೀನು ರಾತ್ರಿ ಗಾಡಿ ಓಡಿಸ್ತೀಯಲ್ಲ, ಬಿಡ್ತೀಯಾ ಅದನ್ನ?’ ಅಂತ ಕೇಳಿದೆ.

‘ಅದು ಹೇಗೆ ಬಿಡೋಕಾಗುತ್ತೆ? ವಾರಕ್ಕೆ ನಾಲ್ಕು ದಿನ ಡ್ಯೂಟಿ ಮುಗಿಯೋದೇ ರಾತ್ರಿ.’

ದೀಪದ ಉಂಗುರಗಳ ವಿಷಯ ಹೇಳಿದೆ. ಎದುರಿನ ಗಾಡಿಗಳ ಹೆಡ್‌ಲೈಟ್ ನೆನಪಾಯಿತೋ ಏನೋ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾಮೂಲಿ ಲೆನ್ಸ್ ಹಾಕಿಸಿಕೊಂಡರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದಕ್ಕೆ ಕನ್ನಡಕ ಬೇಕಾಗುತ್ತದೆ ಅಂದೆ. ಆಪರೇಷನ್ ಆದ ಮೇಲೆ ಲೆನ್ಸಿನ ಹೆಸರು, ಪವರ್, ನಂಬರ್ ಇರುವ ಕಾರ್ಡ್ ಕೇಳಿ ಇಟ್ಟುಕೋ, ಹತ್ತು ವರ್ಷದ ಮೇಲೆ ಬೇರೆ ಯಾರೋ ಡಾಕ್ಟರ್ ನೋಡಬೇಕಾದಾಗ ಕಣ್ಣೊಳಗೆ ಏನಿದೆ ಅಂತ ಅವರಿಗೆ ಗೊತ್ತಾಗಬೇಕಲ್ಲ ಅಂತಲೂ ಹೇಳಿದೆ.

‘ಹಾಗಾದ್ರೆ ಓದೋಕೆ ಕನ್ನಡಕ ಹುಡುಕ್ತಾ ಇರೋದು ತಪ್ಪಲ್ಲ ಅನ್ನು.’

‘ತಪ್ಪಲ್ಲ. ನಾನೂ ಹುಡುಕ್ತೀನಿ.’

‘ಸರಿ, ಮಾಮೂಲಿದೇ ಇರಲಿ. ಆ ಕಪ್ಪು ನೆರಳು ನನಗೂ ಬರುತ್ತಾ?’

ಬಂದರೂ ಬರಬಹುದು ಅಂದೆ. ಬಂದರೆ ಮೊದಲು ಏನು ಮಾಡಬೇಕು ಅಂತ ಕೇಳಿದಳು. ಅಂಗೈಯನ್ನು ಎಲ್ಲಿ ಹಿಡಿದು ನೋಡಬೇಕು ಅಂತ ಹೇಳಿಕೊಟ್ಟೆ.